ಹುಬ್ಬಿನ ಮೇಲಿನ ಗಾಯ

ಮಡಿಕೇರಿಯ ಮಳೆಗಾಲದಲ್ಲಿ ಲೆನ್ಸಿನೊಳಗೆ ಬೂಷ್ಟು ಹಿಡಿಯದಂತೆ ಕಾಯುವುದೇ ಅರ್ಧ ಕಸುಬು. ಸಿಲಿಕಾ ಜೆಲ್ ಇಟ್ಟು ನಾನು ಲೆನ್ಸುಗಳನ್ನು ಕಾಪಾಡುವ ಬೀರುವಿನ ಬಾಗಿಲ ಒಳಬದಿಯಲ್ಲಿ ಒಬ್ಬ ಅವ್ವನ ಭಾವಚಿತ್ರವಿದೆ.

ಅದನ್ನು ತೆಗೆದದ್ದು 2009ರ ಜುಲೈಯಲ್ಲಿ, ಮಕ್ಕಂದೂರಿನ ಕಡೆಯ ಒಂದು ಮನೆಯ ಕಯ್ಯಾಲೆಯಲ್ಲಿ, ಅಂದರೆ ಮುಂದಿನ ಜಗಲಿಯಲ್ಲಿ. ಮೋಡ ಕವಿದ ದಿನ ಕೊಡಗಿನ ಬೆಳಕು ಮುಖದ ಮೇಲೆ ಎಲ್ಲಿಯೂ ಗಡಸು ನೆರಳು ಬೀಳಿಸುವುದಿಲ್ಲವಾದ್ದರಿಂದ ಫ್ಲ್ಯಾಶ್ ಹೊರತೆಗೆಯಲೇ ಇಲ್ಲ. 85 ಎಂ.ಎಂ. ಲೆನ್ಸ್ ಹಾಕಿಕೊಂಡು, ಮೂಗು ದೊಡ್ಡದಾಗಿ ಕಾಣದಷ್ಟು ದೂರ ಕುಳಿತು, ಕಾಫಿ ಮುಗಿಯುವವರೆಗೂ ಅವರ ಮಾತು ಕೇಳಿದೆ. ತಲೆಗೆ ಕಟ್ಟಿದ್ದ ವಸ್ತ್ರದ ಅಂಚಿನ ಕೆಳಗೆ, ಎಡಹುಬ್ಬಿನ ಮೇಲೆ, ಹಳೆಯ ಗಾಯದ ಗುರುತೊಂದಿತ್ತು. ಎಳವೆಯಲ್ಲಿ ತೋಟದಲ್ಲಿ ಬಿದ್ದಾಗ ಆದದ್ದೆಂದು ಅವರು ನಗುತ್ತ ಹೇಳಿದ ಕ್ಷಣದಲ್ಲಿಯೇ ಕ್ಲಿಕ್ಕಿಸಿದ್ದೆ. ಮನೆಯವರ ಅಪೇಕ್ಷೆಯಂತೆ ಟಚಪ್ ಮಾಡುವಾಗ ಆ ಗಾಯವನ್ನು ಅಳಿಸಿ 12×18 ಇಂಚಿನ ಅಳತೆಯಲ್ಲಿ ಪ್ರಿಂಟ್ ಕೊಟ್ಟೆ. ನನಗೇನೋ ಅದು ಇಷ್ಟವಿರಲಿಲ್ಲ.

2018ರ ಆಗಸ್ಟಿನಲ್ಲಿ ಗುಡ್ಡ ಕುಸಿದಾಗ ಆ ಮನೆ ಉಳಿಯಲಿಲ್ಲ; ಅವ್ವ ಅದಕ್ಕೂ ಮೊದಲೇ ತೀರಿಕೊಂಡಿದ್ದರು. ಕೆಲವು ತಿಂಗಳ ಬಳಿಕ ಅವರ ಮಗ ಸ್ಟುಡಿಯೋಗೆ ಬಂದು ಅದೇ ಫೋಟೋ ಸಿಗಬಹುದೇ ಎಂದು ವಿಚಾರಿಸಿದರು. ಹಾರ್ಡ್ ಡಿಸ್ಕಿನಲ್ಲಿ ಮೂಲ ಚಿತ್ರ ಮಾತ್ರ ಸಿಕ್ಕಿತು, ತಿದ್ದಿದ ಪ್ರತಿ ಇರಲಿಲ್ಲ. ಪರದೆಯ ಮೇಲೆ ಗಾಯದ ಸಮೇತ ಮುಖ ಮೂಡಿದಾಗ, ತಾಯಿಯ ನಿಜವಾದ ಮುಖ ಕಂಡು ಅವರು ಸಂತೋಷಪಡುವರೆಂದೇ ಎಣಿಸಿದ್ದೆ. ಇಂಥ ಸಂದರ್ಭದಲ್ಲಿಯೂ ತನ್ನ ಅಭಿರುಚಿಯೇ ಗೆಲ್ಲಬೇಕೆಂಬ ಹಟ ನಮ್ಮ ಕಸುಬಿನವರಿಗೆ ಇರುತ್ತದೆ. ಅವರು ತುಸು ಹೊತ್ತು ನೋಡಿ, "ನಾವು ದಿನಾ ದೀಪ ಹಚ್ಚುತ್ತಿದ್ದದ್ದು ಗೋಡೆಯ ಮೇಲಿನ ಆ ಮುಖಕ್ಕೆ, ಸರ್. ಅದೇ ಬೇಕು" ಎಂದರು.

ಅಂದು ರಾತ್ರಿ ಅದೇ ಗಾಯವನ್ನು ಎರಡನೆಯ ಸಲ ಅಳಿಸಲು ಕುಳಿತೆ. ಮೊದಲ ಸಲ ಹತ್ತು ನಿಮಿಷದಲ್ಲಿ ಮುಗಿಸಿದ್ದ ಕೆಲಸಕ್ಕೆ ಈಗ ಎರಡು ಗಂಟೆ ಹಿಡಿಯಿತು, ಏಕೆಂದರೆ ಹುಬ್ಬಿನ ಬಳಿ ಹೋದಾಗಲೆಲ್ಲ ಅವ್ವನ ನಗು ಕೇಳಿಸುತ್ತಿತ್ತು. ಬೆಳಿಗ್ಗೆ ಪ್ರಿಂಟ್ ತೆಗೆದು, ಚೌಕಟ್ಟು ಹಾಕಿಸಿ ಮಗನ ಕೈಗಿತ್ತೆ. ತಿದ್ದದ ಚಿತ್ರದ್ದೊಂದು ಚಿಕ್ಕ ಪ್ರತಿಯನ್ನು ಅವರಿಗೆ ಹೇಳಿಯೇ ನನಗಾಗಿ ಇಟ್ಟುಕೊಂಡೆ. ಬೀರುವಿನ ಬಾಗಿಲಲ್ಲಿರುವುದು ಅದೇ.