ನಡೆಯದ ಹತ್ತು ರೂಪಾಯಿ

ಸೋಮವಾರ ಬೆಳಿಗ್ಗೆಯಿಂದ ಒಂದೇ ಮಾತು ಕಿವಿಯಲ್ಲಿ ಸುತ್ತುತ್ತಿದೆ. "ಸಿಂಹದ ಮುದ್ರೆ ಐತಲ್ಲಪ್ಪಾ."

ಶಿವಮೊಗ್ಗದ ಆಲ್ಕೊಳದಲ್ಲಿ ಬಸ್ಸು ಹತ್ತಿದ ಅಜ್ಜನ ಮಾತು ಅದು. ಕಂಕುಳಲ್ಲಿ ಎಕ್ಸ್‌ರೇ ಕವರು, ಹೆಗಲ ಮೇಲೆ ಟವೆಲ್ಲು. ಮೆಗ್ಗಾನ್ ಆಸ್ಪತ್ರೆಗೆ ಒಂದು ಟಿಕೆಟ್ ಅಂದರು. ಟವೆಲ್ಲಿನ ತುದಿಯ ಗಂಟನ್ನು ಹಲ್ಲಿನಿಂದ ಬಿಚ್ಚಿ, ಹತ್ತು ರೂಪಾಯಿಯ ನಾಣ್ಯ ತೆಗೆದು ಚಾಚಿದರು. ಕಂಡಕ್ಟರ್ ಹುಡುಗ ಅದನ್ನು ಮುಟ್ಟಲೇ ಇಲ್ಲ.

"ಇದು ನಡ್ಯಲ್ಲ ಅಜ್ಜ. ನೋಟಿದ್ರೆ ಕೊಡಿ."

"ಯಾಕಪ್ಪಾ? ಸಿಂಹದ ಮುದ್ರೆ ಐತಲ್ಲಪ್ಪಾ."

"ಮುದ್ರೆ ಇದ್ರೆ ಆಯ್ತಾ? ನಡೀಬೇಕಲ್ಲ."

ಅಜ್ಜ ನಾಣ್ಯವನ್ನು ಮಗುಚಿ ನೋಡಿದರು, ಹೆಬ್ಬೆರಳಿನಿಂದ ಒರೆಸಿದರು, ಮತ್ತೆ ಕೈ ಚಾಚಿದರು. ಅಷ್ಟರಲ್ಲಿ ಹುಡುಗ ಹಿಂದಿನ ಸೀಟುಗಳ ಕಡೆ ಹೋಗಿಯಾಗಿತ್ತು. ಮುಂದಿನ ಸ್ಟಾಪಿನಲ್ಲಿ ಯಾರೋ ಇಬ್ಬರು ಇಳಿದರು, ಅವರ ಹಿಂದೆ ಅಜ್ಜನೂ ಇಳಿದರು. ಇಳಿಯಿರಿ ಅಂತ ಯಾರೂ ಹೇಳಿರಲಿಲ್ಲ. ಕಿಟಕಿಯಿಂದ ನೋಡಿದೆ. ಎಕ್ಸ್‌ರೇ ಕವರನ್ನು ಬಿಸಿಲಿಗೆ ಅಡ್ಡ ಹಿಡಿದುಕೊಂಡು, ಸಾಗರ ರಸ್ತೆಯ ಅಂಚಿನಲ್ಲಿ, ಬಸ್ಸು ಹೋಗುತ್ತಿದ್ದ ದಿಕ್ಕಿಗೇ ಹೆಜ್ಜೆ ಹಾಕುತ್ತಿದ್ದರು. ನಾಣ್ಯ ನಡೆಯಲಿಲ್ಲ, ಅಜ್ಜ ನಡೆದರು.

ನಾನು ಎರಡು ಸೀಟು ಹಿಂದೆ ಕೂತಿದ್ದೆ. ಬ್ಯಾಂಕಿನಲ್ಲಿ ಇಪ್ಪತ್ತಾರು ವರ್ಷ ದುಡಿದವಳು, ಅದರಲ್ಲಿ ಹೆಚ್ಚಿನ ಪಾಲು ಕ್ಯಾಶ್ ಕೌಂಟರಿನ ಒಳಗೇ ಕಳೆದವಳು. ಆ ನಾಣ್ಯ ಸಲ್ಲುತ್ತದೆ ಅಂತ ಆ ಬಸ್ಸಿನಲ್ಲಿ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಪರ್ಸಿನಲ್ಲಿ ಹತ್ತರ ನೋಟುಗಳೂ ಇದ್ದವು. 'ಅಜ್ಜಾ, ಅದನ್ನ ನನಗೆ ಕೊಡಿ, ಈ ನೋಟು ತಗೊಳ್ಳಿ' ಅಂದಿದ್ದರೆ ಮುಗಿದುಹೋಗುತ್ತಿತ್ತು. ಬಾಯಿ ತೆರೆಯುವಷ್ಟರಲ್ಲಿ ಬಸ್ಸು ಹೊರಟುಬಿಡ್ತು ಅಂತ ಸಂಜೆ ಮನೆಯಲ್ಲಿ ಹೇಳಿದೆ. ಅದು ಸುಳ್ಳು. ಒಂದು ಸ್ಟಾಪಿನಷ್ಟು ಹೊತ್ತು ಇತ್ತು. ಹತ್ತು ಗಂಟೆಗೆ ಕೌಂಟರ್ ತೆರೆಯಬೇಕು, ವಾದಕ್ಕೆ ನಿಂತರೆ ಬಸ್ಸಿಗೆ ಬಸ್ಸೇ ತಿರುಗಿ ನೋಡುತ್ತದೆ, ಮುಂದೆ ಕೂತವರು ಯಾರಾದರೂ ಕೊಟ್ಟಾರು. ಇವೆಲ್ಲ ಒಟ್ಟಿಗೇ ತಲೆಗೆ ಬಂದವು, ನಾಲಿಗೆ ಮಾತ್ರ ಏಳಲಿಲ್ಲ.

ಪಕ್ಕದಲ್ಲಿ ಕೂತವರು ದಿನವೂ ಅದೇ ಬಸ್ಸಿಗೆ ಬರುತ್ತಾರೆ. ಕಾಲೇಜೊಂದರ ಆಫೀಸಿನಲ್ಲಿ ಕೆಲಸ. ಕಷ್ಟಕ್ಕಾಗುವ ಹೆಂಗಸು, ನನ್ನ ಅತ್ತೆ ಆಸ್ಪತ್ರೆಯಲ್ಲಿದ್ದಾಗ ಎರಡು ರಾತ್ರಿ ಜೊತೆಗೆ ಕೂತಿದ್ದರು. ಆದರೆ ಕಣ್ಣೆದುರಿನ ಯಾವುದನ್ನೂ ಎರಡು ನಿಮಿಷ ಮನಸ್ಸಿನಲ್ಲಿ ಇರಗೊಡುವವರಲ್ಲ. ನಾನು ಕಿಟಕಿಯಿಂದ ಹೊರಗೆ ಬಗ್ಗಿ ನೋಡುವುದನ್ನು ಕಂಡು, "ಬಿಡಿ ಮೇಡಂ, ಚಿಲ್ಲರೆ ವಿಷಯ" ಅಂದರು.

ಚಿಲ್ಲರೆ. ನಮ್ಮ ಭಾಷೆಯಲ್ಲಿ ಕೈಯಲ್ಲಿರುವ ಬಿಡಿಗಾಸಿಗೂ ಅದೇ ಹೆಸರು, ಲೆಕ್ಕಕ್ಕಿಡದ ಸಂಗತಿಗೂ ಅದೇ ಹೆಸರು. ಚಿಲ್ಲರೆ ಜಗಳ, ಚಿಲ್ಲರೆ ಬುದ್ಧಿ, ಚಿಲ್ಲರೆ ಜನ. ನಾನೂ ಎಷ್ಟನ್ನು ಆ ಒಂದು ಪದದಲ್ಲಿ ಕಟ್ಟಿ ಮೂಲೆಗೆ ಹಾಕಿದ್ದೇನೆ! ಔಷಧಿ ಅಂಗಡಿಯಲ್ಲಿ ಎರಡು ರೂಪಾಯಿಗೆ ಬದಲು ಎರಡು ಟಾಫಿ ಕೊಡುತ್ತಾರೆ. ಹಾಗೆ ಸೇರಿದ ಎಂಟು ಟಾಫಿಗಳನ್ನು ಒಮ್ಮೆ ಅದೇ ಅಂಗಡಿಗೆ ಒಯ್ದು, ಬಿಲ್ಲಿನಲ್ಲಿ ಎಂಟು ರೂಪಾಯಿಗೆ ಇದನ್ನು ಇಟ್ಟುಕೊಳ್ಳಿ ಅಂದೆ. ಅವರಿಗೆ ಸಿಟ್ಟು ಬಂತು, ಪಕ್ಕದಲ್ಲಿದ್ದ ಗಿರಾಕಿಗಳು ನನ್ನನ್ನೇ ದುರುಗುಟ್ಟಿ ನೋಡಿದರು. ಬಸ್ಸಿನಲ್ಲಿ "ಇಳಿಯುವಾಗ ಕೊಡ್ತೀನಿ" ಅನ್ನುವ ಐದು ರೂಪಾಯಿ, ಇಳಿಯುವ ಗಡಿಬಿಡಿಯಲ್ಲಿ ಎಷ್ಟೋ ಸಲ ಬಸ್ಸಿನಲ್ಲೇ ಮುಂದೆ ಹೋಗಿದೆ. ಸರ್ಕಾರಿ ಬಸ್ಸಿನಲ್ಲಿ 2023ರ ಜೂನ್‌ನಿಂದ ನಾವು ಹೆಂಗಸರು ದುಡ್ಡು ಕೊಡುವ ಹಾಗಿಲ್ಲ, ಆದರೆ ಬೆಳಿಗ್ಗೆ ನನ್ನ ಹೊತ್ತಿಗೆ ಸಿಗುವುದು ಖಾಸಗಿ ಸಿಟಿ ಬಸ್ಸು. ಹಾಗಾಗಿ ಈ ಐದು ರೂಪಾಯಿಯ ತಕರಾರು ನನಗಿನ್ನೂ ತಪ್ಪಿಲ್ಲ. ಇವೆಲ್ಲ ಮನೆಗೆ ಹೋಗಿ ಮುಖ ತೊಳೆದರೆ ಮರೆತುಹೋಗುವಂಥವು. ನನಗೆ ಮರೆತುಹೋಗುತ್ತವೆ ಅಂದರೆ ಸರಿ. ಐದು ರೂಪಾಯಿ ಹೋದರೂ ನಾನು ನಡೆಯಬೇಕಾಗಿಲ್ಲ.

ಅದೇ ಚಿಲ್ಲರೆಗೆ ಮದುವೆಮನೆಯಲ್ಲಿ ಎಂಥ ಮರ್ಯಾದೆ! ಮುಯ್ಯಿಗೆ ಬರೀ ಐನೂರು ಕೊಟ್ಟರೆ ಮನಸ್ಸಿಗೆ ಏನೋ ಕೊರೆ, ಐನೂರಾ ಒಂದು ಆಗಬೇಕು. ಅಂಗಡಿಯವರೇ ಕವರಿನ ಮೇಲೆ ಒಂದು ರೂಪಾಯಿಯ ನಾಣ್ಯ ಅಂಟಿಸಿ ಮಾರುತ್ತಾರೆ. ಆರತಿ ತಟ್ಟೆಗೆ ನಾಣ್ಯ ಬೀಳಬೇಕು, ತಾಂಬೂಲದ ಎಲೆಯ ಮೇಲೆ ನಾಣ್ಯ ಇರಬೇಕು. ಅಲ್ಲಿ ಲಕ್ಷ್ಮಿ, ಬಸ್ಸಿನಲ್ಲಿ ಬೇಡದ ಲೋಹದ ಬಿಲ್ಲೆ.

ಈ ಹತ್ತರ ನಾಣ್ಯ ನಮ್ಮ ಕೈಗೆ ಬರತೊಡಗಿದ್ದು 2009ರಲ್ಲಿ. ಎರಡು ಲೋಹದ್ದು, ಹೊರಗೆ ಹಳದಿ ಬಳೆ, ಒಳಗೆ ಬಿಳಿ ಬಿಲ್ಲೆ. ತೂಕ 7.71 ಗ್ರಾಂ, ಅಗಲ 27 ಮಿಲಿಮೀಟರ್. ಆಗಾಗ ಹೊಸ ಹೊಸ ಚಿತ್ರಗಳೊಂದಿಗೆ ಬಂತು. 2011ರಿಂದ ರೂಪಾಯಿಯ ಹೊಸ ಚಿಹ್ನೆ ಇರುವವೂ ಬಂದವು, ಹಳೆಯವು ಚಿಹ್ನೆಯಿಲ್ಲದೆ ಓಡಾಡುತ್ತಲೇ ಇದ್ದವು. ಅಲ್ಲಿಂದ ಶುರುವಾಯಿತು. ಹತ್ತು ಗೆರೆ ಇರುವುದು ಅಸಲಿ, ಹದಿನೈದು ಗೆರೆ ಇರುವುದು ನಕಲಿ ಅಂತ ಯಾರೋ ವಾಟ್ಸಾಪಿನಲ್ಲಿ ಹಾಕಿದರು. 2016ರ ನವೆಂಬರ್ 8ರ ರಾತ್ರಿ ಐನೂರು, ಸಾವಿರದ ನೋಟುಗಳು ರದ್ದಾಗಿದ್ದನ್ನು ಕಂಡ ಜನ, ಆಮೇಲೆ ಯಾವ ದುಡ್ಡಿನ ಬಗ್ಗೆ ಯಾರು ಏನು ಹೇಳಿದರೂ ನಂಬಿದರು. ಅವರನ್ನು ನಾನು ದೂರುವುದಿಲ್ಲ. ಆ ಎರಡು ತಿಂಗಳು ಕೌಂಟರಿನ ಆಚೆ ನಿಂತಿದ್ದ ಮುಖಗಳನ್ನು ನಾನು ಈಚೆಯಿಂದ ನೋಡಿದ್ದೇನೆ.

ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಬಿಡಿಸಿ ಹೇಳಿತು: ಆವರೆಗೆ ಬಂದಿರುವುದು ಹದಿನಾಲ್ಕು ವಿನ್ಯಾಸ, ಹದಿನಾಲ್ಕೂ ಸಲ್ಲುತ್ತವೆ. ಅನುಮಾನವಿದ್ದವರು ಕೇಳಿಕೊಳ್ಳಲಿ ಅಂತ 14440 ಎಂಬ ಉಚಿತ ಫೋನ್ ಸಂಖ್ಯೆಯನ್ನೂ ಕೊಟ್ಟಿತು. ಸಲ್ಲದೆ ಹೋಗಿರುವುದು ನಾಲ್ಕಾಣೆ ಮತ್ತು ಅದಕ್ಕಿಂತ ಚಿಕ್ಕವು, ಅವು 2011ರ ಜೂನ್ 30ಕ್ಕೆ ಮುಗಿದವು. ಎಂಟಾಣೆ ಕೂಡ ಕಾನೂನಿನ ಪ್ರಕಾರ ಇವತ್ತಿಗೂ ದುಡ್ಡೇ. 2011ರ ನಾಣ್ಯ ಕಾಯ್ದೆಯಂತೆ, ಒಂದು ರೂಪಾಯಿ ಮತ್ತು ಮೇಲಿನ ನಾಣ್ಯಗಳಲ್ಲಿ ಸಾವಿರ ರೂಪಾಯಿಯವರೆಗೆ ಪಾವತಿ ಮಾಡಬಹುದು. ಅಜ್ಜ ಕೊಟ್ಟಿದ್ದು ಹತ್ತು. ಮುಂಬೈ, ಕೋಲ್ಕತ್ತ, ಹೈದರಾಬಾದ್, ನೊಯ್ಡಾದ ಟಂಕಸಾಲೆಗಳಲ್ಲಿ ಯಾವುದೋ ಒಂದರಲ್ಲಿ ಒತ್ತಿದ, ಭಾರತ ಸರ್ಕಾರದ ನಾಣ್ಯ. ಸಿಂಹದ ಮುದ್ರೆ ಇದೆಯಲ್ಲ ಅಂದಾಗ, ಈ ಕಾಯ್ದೆ ಕಾನೂನೆಲ್ಲವನ್ನೂ ಅವರು ಮೂರು ಮಾತಿನಲ್ಲಿ ಹೇಳಿದ್ದರು.

ಮಂಗಳವಾರ ಸಂಜೆ ಮನಸ್ಸು ತಡೆಯದೆ ನಮ್ಮ ಶಾಖೆಯಿಂದಲೇ ಐದು ಹತ್ತರ ನಾಣ್ಯ ಬಿಡಿಸಿಕೊಂಡು ಗಾಂಧಿ ಬಜಾರಿನಲ್ಲಿ ಅಡ್ಡಾಡಿದೆ. ಹೂವಿನವಳು "ಬ್ಯಾಡಕ್ಕ, ಬೆಳಿಗ್ಗೆ ಮಾರ್ಕೆಟ್ನಾಗೆ ತಗಳಲ್ಲ" ಅಂದಳು. ಸೊಪ್ಪಿನವರು, ಟೀ ಪುಡಿ ಅಂಗಡಿಯವರು ತಗೊಳ್ಳಲ್ಲ ಅಂದರು. ನೀವೇ ಕೊಟ್ಟರೆ ಗಿರಾಕಿಗಳು ಇಸ್ಕೊಳ್ತಾರಾ ಅಂತ ಕೇಳಿದೆ. ಇಲ್ಲ ಅಂದರು. ಯಾರೂ ಇದು ಖೋಟಾ ಅನ್ನಲಿಲ್ಲ, ಅದನ್ನು ಗಮನಿಸಿದೆ. ಎಲ್ಲರೂ ಹೇಳಿದ್ದು ಒಂದೇ: ನಾನು ತಗೊಂಡರೆ ನನ್ನ ಹತ್ತಿರ ಯಾರು ತಗೊಳ್ಳುತ್ತಾರೆ? ಪ್ರತಿಯೊಬ್ಬರೂ ಬೆರಳು ತೋರಿಸುವುದು ಮುಂದಿನವರ ಕಡೆಗೆ. ಆ ಮುಂದಿನವರು ಯಾರು ಅಂತ ಹುಡುಕಿಕೊಂಡು ಹೋದರೆ ಬಜಾರು ಮುಗಿಯುತ್ತದೆ, ಅವರು ಸಿಗುವುದಿಲ್ಲ. ನಾಣ್ಯ ನಡೆಯುವುದಿಲ್ಲ ಎಂಬ ಮಾತೊಂದು ತಾನೇ ನಾಣ್ಯದ ಹಾಗೆ ಕೈಯಿಂದ ಕೈಗೆ ನಡೆಯುತ್ತಿದೆ.

ಕೈಯಲ್ಲಿ ಫೋನಿದ್ದವರಿಗೆ ಇದ್ಯಾವುದೂ ತಟ್ಟುವುದಿಲ್ಲ. ಅಂದು ಬಸ್ಸಿನಲ್ಲಿ ನಮ್ಮಲ್ಲಿ ಅರ್ಧಕ್ಕರ್ಧ ಜನ ಕಂಡಕ್ಟರನ ಕೊರಳಲ್ಲಿದ್ದ ಕ್ಯೂಆರ್ ಕಾರ್ಡಿಗೆ ಫೋನ್ ಹಿಡಿದು ಟಿಕೆಟ್ ತಗೊಂಡವರೇ. ಹತ್ತು ರೂಪಾಯಿಯ ನಾಣ್ಯ ಬೇಕಾಗುವುದು ಗಂಟು ಬಿಚ್ಚಿ ಕೊಡುವವರಿಗೆ. ಅಜ್ಜನ ಹತ್ತಿರ ಬೇರೆ ನೋಟಿರಲಿಲ್ಲವೋ, ವಾಪಸ್ ಬರುವುದಕ್ಕೆ ಎತ್ತಿಟ್ಟಿದ್ದರೋ, ಔಷಧಿಯ ದುಡ್ಡಿಗೆ ಕೈ ಹಾಕಲು ಮನಸ್ಸಾಗಲಿಲ್ಲವೋ. ಒಂದು ನಾಣ್ಯಕ್ಕಾಗಿ ಬಸ್ಸಿನಲ್ಲಿ ಎರಡನೇ ಸಲ ಕೈ ಚಾಚಬೇಕಾಗಿ ಬಂದಿದ್ದೇ ಅವರನ್ನು ಇಳಿಸಿತು ಅಂತ ನನಗನ್ನಿಸುತ್ತದೆ. ಸಾಲ ಕೇಳಿದವರ ಹಾಗೆ ಚಾಚಿದ ಆ ಕೈ. ಕೇಳುತ್ತಿರಲಿಲ್ಲ, ಕೊಡುತ್ತಿದ್ದರು.

ಕಂಡಕ್ಟರ್ ಹುಡುಗನ ಮೇಲೆ ಎರಡು ದಿನ ಕೋಪ ಕುದಿಯಿತು. ಅವನನ್ನು ವರ್ಷದಿಂದ ನೋಡುತ್ತಿದ್ದೇನೆ. ಬಸುರಿ ಹತ್ತಿದರೆ ತಾನೇ ನಿಂತು ಸೀಟು ಬಿಡಿಸುತ್ತಾನೆ, ಸ್ಕೂಲು ಮಕ್ಕಳ ಚೀಲ ಎತ್ತಿಡುತ್ತಾನೆ. ಕೆಟ್ಟವನಾಗಿದ್ದರೆ ನನಗೆ ಸುಲಭವಿತ್ತು.

ಗುರುವಾರ ಬೆಳಿಗ್ಗೆ ಗಾಡಿಕೊಪ್ಪದಲ್ಲಿ ಹತ್ತಿದವಳೇ ಅವನ ಕೈಗೆ ಹತ್ತರ ನಾಣ್ಯ ಇಟ್ಟೆ. ನಾಣ್ಯ ನೋಡಿದ, ನನ್ನ ಕೊರಳಿನ ಐಡಿ ಕಾರ್ಡು ನೋಡಿದ, ಚೀಲಕ್ಕೆ ಹಾಕಿಕೊಂಡು ಟಿಕೆಟ್ ಕೊಟ್ಟ. ಒಂದು ಮಾತಿಲ್ಲ.

"ಸೋಮವಾರ ಆ ಅಜ್ಜನ ಹತ್ರ ಯಾಕಪ್ಪ ತಗೊಳ್ಲಿಲ್ಲ?"

ಯಾವ ಅಜ್ಜ ಅಂತ ನೆನಪು ಮಾಡಿಕೊಳ್ಳಲು ಅವನಿಗೆ ಹೊತ್ತು ಹಿಡಿಯಿತು. ಆಮೇಲೆ ನನ್ನ ಸೀಟಿನ ಕಂಬಿ ಹಿಡಿದು ನಿಂತ.

"ಮೇಡಂ, ಸಾಯಂಕಾಲ ಲೆಕ್ಕ ಒಪ್ಪಿಸುವಾಗ ಓನರ್ ಇದನ್ನ ಎಣಿಸಲ್ಲ. ನನ್ನ ದಿನದ ಬಾಟದಲ್ಲೇ ಹಿಡ್ಕೊಂತಾರೆ. ಮನೇಲಿ ಡಬ್ಬಿ ತುಂಬಾ ಐತೆ."

"ಬ್ಯಾಂಕಿಗೆ ಕಟ್ಟಬಹುದಲ್ಲ. ಬ್ಯಾಂಕಿನವರು ಇಸ್ಕೊಳ್ಳಲೇಬೇಕು, ಬೇಡ ಅನ್ನೋ ಹಾಗಿಲ್ಲ."

"ತಂದಿದ್ದೆ ಮೇಡಂ, ಹಬ್ಬದ ಮುಂಚೆ. ನಿಮ್ಮಲ್ಲಿಗೇ. ಇವತ್ತು ರಶ್ ಐತೆ, ಎಣಿಸೋರಿಲ್ಲ, ಇನ್ನೊಂದಿನ ಬಾ ಅಂದ್ರಿ."

ಅಂದ್ರಿ ಅಂದ. ಅಂದರು ಅನ್ನಲಿಲ್ಲ.

ನನಗೆ ನೆನಪಿಲ್ಲ. ನಮ್ಮಲ್ಲಿ ಮೂರು ಕೌಂಟರಿವೆ, ಬೇರೆ ಯಾರಾದರೂ ಹೇಳಿರಬಹುದು. ಆದರೆ ಆ ಮಾತು ನನ್ನ ಬಾಯಿಂದ ಬಂದೇ ಇಲ್ಲ ಅನ್ನಲಾರೆ. ಪಿಂಚಣಿಯ ದಿನ, ಸಂಬಳದ ವಾರ, ಸಾಲು ಬಾಗಿಲಾಚೆ ಹೋಗಿರುವಾಗ ಯಾರಾದರೂ ನಾಣ್ಯದ ಚೀಲ ಎತ್ತಿ ಕೌಂಟರಿನ ಮೇಲಿಟ್ಟರೆ ಎದೆ ಧಸಕ್ ಅನ್ನುತ್ತದೆ. ನೂರರ ನೋಟಿನ ಕಟ್ಟನ್ನು ಯಂತ್ರ ಎಣಿಸುತ್ತದೆ, ನಮ್ಮ ಶಾಖೆಯಲ್ಲಿ ನಾಣ್ಯವನ್ನು ಬೆರಳೇ ಎಣಿಸಬೇಕು. ನೂರು ನೂರರ ಪೊಟ್ಟಣ ಕಟ್ಟಿಸಿ ತರಿಸಿಕೊಳ್ಳಿ, ತೂಕ ಮಾಡಿಯಾದರೂ ತಗೊಳ್ಳಿ, ವಾಪಸ್ ಕಳಿಸಬೇಡಿ ಅಂತ ರಿಸರ್ವ್ ಬ್ಯಾಂಕಿನ ಸೂಚನೆಯಿದೆ, ಓದಿದ್ದೇನೆ. ಇನ್ನೊಂದಿನ ಬಾ ಅನ್ನುವಾಗ ಅದು ಬೇಡ ಅಂದ ಹಾಗಾಗುವುದಿಲ್ಲ ಅಂತಲೇ ಅಂದುಕೊಂಡಿದ್ದೆ. ಬಜಾರಿನಲ್ಲಿ ಎಲ್ಲರೂ ಬೆರಳು ತೋರಿಸುತ್ತಿದ್ದ ಆ ಮುಂದಿನವರು ನಾವಾಗಿದ್ದೆವು.

"ನಾಳೆ ತಗೊಂಡು ಬಾ," ಅಂದೆ. "ಊಟದ ಹೊತ್ತಾದ್ರೂ ಪರವಾಗಿಲ್ಲ, ನಾನೇ ಎಣಿಸ್ತೀನಿ. ಎಷ್ಟಿದ್ರೂ ತಾ."

"ನೋಡಣ ಮೇಡಂ," ಅಂದು ಹಿಂದಕ್ಕೆ ಹೋದ.

ಆಲ್ಕೊಳದಲ್ಲಿ ಬಸ್ಸು ನಿಂತಾಗ ಈ ವಾರ ಪ್ರತಿದಿನವೂ ಬಾಗಿಲ ಕಡೆ ನೋಡಿದ್ದೇನೆ. ಅಜ್ಜ ಹತ್ತಿಲ್ಲ. ಶುಕ್ರವಾರ ನಾಣ್ಯದ ಪೊಟ್ಟಣದ ಕವರುಗಳನ್ನು ಡ್ರಾಯರಿನಿಂದ ತೆಗೆದು ಮೇಜಿನ ಮೇಲಿಟ್ಟುಕೊಂಡು ನಾಲ್ಕು ಗಂಟೆಯವರೆಗೆ ಕಾದೆ. ಹುಡುಗನೂ ಬರಲಿಲ್ಲ. ಕವರುಗಳನ್ನು ಒಳಗಿಡದೆ ಹಾಗೇ ಬಿಟ್ಟು ಬಂದಿದ್ದೇನೆ. ಸೋಮವಾರ ಮತ್ತೆ ಅದೇ ಬಸ್ಸು.