ಸ್ಯಾಲಿ ಮಲಗಿದ್ದಾಳೆ

ನಿನ್ನೆ ಗೆಟ್ಟಿಸ್‌ಬರ್ಗ್‌ಗೆ ಹೋಗಿದ್ದೆವು. ಅಮೆರಿಕದ ಅಂತರ್ಯುದ್ಧದಲ್ಲಿ, 1863ರ ಜುಲೈ 1ರಿಂದ 3ರವರೆಗೆ ಕಾಳಗ ನಡೆದ ಬಯಲು. ಎಲ್ಲಿ ನೋಡಿದರೂ ಸ್ಮಾರಕ, ಸಾವಿರಕ್ಕಿಂತ ಜಾಸ್ತಿ. ಹತ್ತು ನೋಡುವಷ್ಟರಲ್ಲಿ ಮಗಳಿಗೆ ಬೇಜಾರು. ನನಗೂ, ಸುಳ್ಳು ಯಾಕೆ ಹೇಳಲಿ.

ಓಕ್ ರಿಡ್ಜ್‌ನಲ್ಲಿ 11ನೇ ಪೆನ್ಸಿಲ್ವೇನಿಯಾ ಕಾಲಾಳು ಪಡೆಯದ್ದು ಇದೆ. ಮೇಲೆ ಕಂಚಿನ ಸೈನಿಕ. ಸುಮ್ನೆ ಕಾರಲ್ಲೇ ಹೋಗಿದ್ದರೆ ಅಷ್ಟೇ ಕಾಣುತ್ತಿತ್ತು. ಇಳಿದು ಮುಂಭಾಗಕ್ಕೆ ಬಂದರೆ, ಕೆಳಗೆ ಕಲ್ಲಿನ ಮೇಲೆ ಒಂದು ನಾಯಿ ಮಲಗಿದೆ. ಹೆಸರು ಸ್ಯಾಲಿ. ಮರಿಯಾಗಿದ್ದಾಗಲೇ ಪಡೆ ಸೇರಿದವಳು. ಇಲ್ಲಿ ಮೊದಲ ದಿನ ಪಡೆ ಹಿಂದೆ ಸರಿದಾಗ ಇವಳು ಮಾತ್ರ ಹೋಗಲಿಲ್ಲ. ಸತ್ತವರ, ಗಾಯಗೊಂಡವರ ಪಕ್ಕದಲ್ಲೇ ಇದ್ದಳು. ಕಾಳಗ ಮುಗಿದ ಮೇಲೆ ಅಲ್ಲೇ ಸಿಕ್ಕಳು, ಹಸಿದು ಸೊರಗಿ. 1865ರ ಫೆಬ್ರವರಿಯಲ್ಲಿ ವರ್ಜೀನಿಯಾದ ಹ್ಯಾಚರ್ಸ್ ರನ್‌ನಲ್ಲಿ ಗುಂಡು ತಗುಲಿ ಸತ್ತಳು. ಯುದ್ಧ ಮುಗಿಯಲು ಇನ್ನೆರಡೇ ತಿಂಗಳಿತ್ತು. 1890ರಲ್ಲಿ ಸ್ಮಾರಕ ಮಾಡಿಸುವಾಗ ಹಳೇ ಸೈನಿಕರು ಇವಳನ್ನು ಬಿಡಲಿಲ್ಲ.

ನನಗೆ ಥಟ್ಟನೆ ನೆನಪಾಗಿದ್ದು ನಮ್ಮ ಆತಕೂರಿನ ಕಾಳಿ ಅನ್ನೋ ನಾಯಿ. ಅವಳಿರುವುದು ಹತ್ತನೇ ಶತಮಾನದ ವೀರಗಲ್ಲಿನಲ್ಲಿ, ಆ ಕಲ್ಲು ಈಗ ಬೆಂಗಳೂರಿನ ಮ್ಯೂಸಿಯಮ್ಮಿನಲ್ಲಿದೆ. ಮಣಲೇರ ಅನ್ನೋ ಯೋಧ ತನ್ನ ಶೌರ್ಯಕ್ಕೆ ಬಹುಮಾನವಾಗಿ ಕೇಳಿ ಪಡೆದ ನಾಯಿ ಅವಳು. ಹಂದಿಯ ಜೊತೆ ಹೋರಾಡಿ ಸತ್ತಳು. ಕಲ್ಲಿನ ಮೇಲೆ ಇವತ್ತಿಗೂ ಹೋರಾಡುತ್ತಲೇ ಇದ್ದಾಳೆ. ಸ್ಯಾಲಿ ಮಾತ್ರ ಆರಾಮಾಗಿ ಮಲಗಿದ್ದಾಳೆ, ಅಲ್ವಾ?

ಅವಳ ಕಾಲ ಹತ್ತಿರ ಯಾರೋ ನಾಯಿ ಬಿಸ್ಕತ್ತು ಇಟ್ಟು ಹೋಗಿದ್ದರು. ಮಗಳು ತನ್ನ ಚಕ್ಕುಲಿಯಲ್ಲಿ ಅರ್ಧ ಮುರಿದು ಪಕ್ಕದಲ್ಲಿಟ್ಟಳು.