ಕರೆಂಟ್ ಹೋಗಿ ಬಂದಾಗಲೇ ಹಾರುವ ಫ್ಯೂಸ್

ಇಎಲ್34 ವಾಲ್ವ್‌ಗಳ (ಟ್ಯೂಬ್‌ಗಳ) ಪುಷ್-ಪುಲ್ ಮೋನೊ ಆಂಪ್ ಕೊನೆಗೂ ನೆಟ್ಟಗಾಯಿತು. ಚಾಸಿ, ಬಯಾಸ್, ಔಟ್‌ಪುಟ್ ಹಂತ ಎಲ್ಲ ಮಾಮೂಲಿ. ಕಾಡಿದ್ದು ಪವರ್ ಸಪ್ಲೈ ಒಂದೇ. ತಣ್ಣಗಿದ್ದಾಗ ಸ್ವಿಚ್ ಹಾಕಿದರೆ ಏನೂ ಆಗದು. ಹಾಡುತ್ತಿರುವಾಗ ಕರೆಂಟ್ ಐದು ಸೆಕೆಂಡ್ ಹೋಗಿ ಬಂದರೆ ಎಸಿಯನ್ನು ಡಿಸಿ ಮಾಡುವ ರೆಕ್ಟಿಫೈಯರ್ ಟ್ಯೂಬ್ ಜಿಝೆಡ್34 ಒಳಗೆ ಕಿಡಿ, ಫ್ಯೂಸ್ ಢಮಾರ್.

ಕಾರಣ ಇಷ್ಟು. ಬಿಸಿ ಇಎಲ್34ಗಳು ಕೆಲವೇ ಸೆಕೆಂಡುಗಳಲ್ಲಿ ಸಪ್ಲೈ ಕೆಪಾಸಿಟರ್ ಬರಿದು ಮಾಡುತ್ತವೆ, ರೆಕ್ಟಿಫೈಯರ್ ಕ್ಯಾಥೋಡ್ ಮಾತ್ರ ಇನ್ನೂ ಕಾದಿರುತ್ತದೆ. ಕರೆಂಟ್ ಬಂದ ಕ್ಷಣ ಖಾಲಿ ಕೆಪಾಸಿಟರ್ ತುಂಬುವ ಹೊರೆಯೆಲ್ಲ ರೆಕ್ಟಿಫೈಯರ್ ಮೇಲೆ ಬೀಳುತ್ತದೆ. ಟ್ರಾನ್ಸ್‌ಫಾರ್ಮರ್ ಪ್ರೈಮರಿಯಲ್ಲಿ ಎನ್‌ಟಿಸಿ (ತಣ್ಣಗಿದ್ದಾಗ ಕರೆಂಟ್ ತಡೆದು, ಬಿಸಿಯಾದಾಗ ಬಿಡುವ ರೆಸಿಸ್ಟರ್) ಇದೆಯಲ್ಲ ಎನ್ನಬಹುದು. ಅದೂ ಬಿಸಿಯಾಗಿಯೇ ಇರುವುದರಿಂದ ತಡೆಯುವ ಶಕ್ತಿ ಉಳಿದಿರುವುದಿಲ್ಲ. ತಣಿಯಲು ಒಂದೆರಡು ನಿಮಿಷ ಬೇಕು.

ಮೇಲಾಗಿ ದಾವಣಗೆರೆ ಸುತ್ತ ಪಂಪ್‌ಸೆಟ್‌ಗಳು ನಿಂತ ಮೇಲೆ ರಾತ್ರಿ ಲೈನ್ 250 ವೋಲ್ಟ್ ಮುಟ್ಟುತ್ತದೆ. ನಡುವೆ ಸೆಂಟರ್ ಟ್ಯಾಪ್ ಇರುವ 350-0-350 ವೋಲ್ಟ್ ಸೆಕೆಂಡರಿ ಆಗ ಪ್ರತಿ ಅರ್ಧಕ್ಕೆ 380 ಕೊಡುತ್ತದೆ. ಜಿಝೆಡ್34ಗೆ 350 ವೋಲ್ಟ್‌ನಲ್ಲಿ ಪ್ರತಿ ಆನೋಡಿಗೆ ಸರಣಿಯಲ್ಲಿ ಕನಿಷ್ಠ 75 ಓಮ್ ತಡೆ, 400ರಲ್ಲಿ 100 ಓಮ್ ಇರಲೇಬೇಕು. 380ಕ್ಕೆ ಸುಮಾರು 90. ಅರ್ಧ ಸೆಕೆಂಡರಿ 42 ಓಮ್. ಪ್ರೈಮರಿಯ 9 ಓಮ್ ಅನ್ನು ಸುತ್ತುಗಳ ಅನುಪಾತದ ವರ್ಗದಿಂದ ಗುಣಿಸಿದರೆ 21. ಒಟ್ಟು 63. ಕೊರತೆಗೆ ಪ್ರತಿ ಆನೋಡಿಗೆ 33 ಓಮ್, 5 ವ್ಯಾಟ್ ವೈರ್‌ವೌಂಡ್.

ಆನೋಡ್ ದಾರಿಯಲ್ಲೇ 1ಎನ್4007 ಡಯೋಡ್ ಹಾಕಿ, ಟ್ಯೂಬ್ ಶಾರ್ಟ್ ಆದರೂ ಟ್ರಾನ್ಸ್‌ಫಾರ್ಮರ್ ಉಳಿಯುತ್ತದೆ. ಒಂದು ಸಾಲದು: 380ರಲ್ಲಿ ಹಿಮ್ಮುಖ ವೋಲ್ಟೇಜ್ 1075, ಡಯೋಡಿನ ತಾಳಿಕೆ 1000. ಎರಡೆರಡು ಸರಣಿಯಲ್ಲಿ.

ಮೊದಲ ಕೆಪಾಸಿಟರ್ 500 ವೋಲ್ಟಿನದ್ದು ಇಲ್ಲಿ ಅಪಾಯ. ಲೋಡ್ ಇಲ್ಲದಾಗ 538 ಬರುತ್ತದೆ. 100 ಮೈಕ್ರೋಫ್ಯಾರಡ್, 350 ವೋಲ್ಟಿನವು ಎರಡು ಸರಣಿಯಲ್ಲಿ, ಒಂದೊಂದಕ್ಕೂ ಅಡ್ಡಲಾಗಿ 220ಕೆ, 2 ವ್ಯಾಟ್ ರೆಸಿಸ್ಟರ್. ಇಎಲ್34ಗಳು ಸಾಕೆಟ್‌ನಲ್ಲಿಲ್ಲದಿದ್ದರೆ, ಆಫ್ ಮಾಡಿದ ಮೇಲೆ ಈ ರೆಸಿಸ್ಟರ್‌ಗಳಿಂದಲೇ 430ರಿಂದ 50 ವೋಲ್ಟ್‌ಗೆ ಇಳಿಯಲು ಮುಕ್ಕಾಲು ನಿಮಿಷಕ್ಕೂ ಹೆಚ್ಚು ಬೇಕು. ಮೀಟರ್ ಹಿಡಿಯದೆ ಯಾರೂ ಕೈ ಹಾಕಬಾರದು. ಸೆಂಟರ್ ಟ್ಯಾಪಿಗೆ 315 ಮಿಲಿಆಂಪ್ ನಿಧಾನ ಫ್ಯೂಸ್, 500 ವೋಲ್ಟ್ ದರ್ಜೆಯ ಸೆರಾಮಿಕ್ಕೇ ಆಗಬೇಕು. ಅಂಗಡಿಯಲ್ಲಿ ಕೇಳಿದರೆ ಗಾಜಿನದ್ದೇ ಕೈಗಿಟ್ಟು "ಎರಡೂ ಒಂದೇ" ಅನ್ನುತ್ತಾರೆ. ಒಂದೇ ಅಲ್ಲ! ಕೆಪಾಸಿಟರ್ ವಿಷಯದಲ್ಲೂ ಅಷ್ಟೇ, ಹಳೇ ಸ್ಟಾಕಿಗೆ ಹೊಸ ಹೊದಿಕೆ ತೊಡಿಸಿ ಮಾರುತ್ತಾರೆ. ಸೋರಿಕೆ ಅಳೆದೇ ಹಾಕಿ.

ಬಿಸಿಯಲ್ಲಿ ಮರಳಿ ಚಾಲೂ ಆಗುವುದನ್ನೇ ತಡೆದದ್ದು ಬೋರ್‌ವೆಲ್ ಸ್ಟಾರ್ಟರ್ ಬುದ್ಧಿ: ಕರೆಂಟ್ ಹೋದರೆ ಬಿಡಬೇಕು, ಬಂದರೂ ತಾನಾಗಿ ಹಿಡಿಯಬಾರದು. 230 ವೋಲ್ಟ್ ಕಾಯಿಲಿನ ನಾಲ್ಕು ಪೋಲ್ ರಿಲೇ. ಎರಡು ಪೋಲ್ ಫೇಸ್-ನ್ಯೂಟ್ರಲ್‌ಗೆ, ಮೂರನೆಯದು ಹೋಲ್ಡಿಂಗ್, ಅಂದರೆ ಬಟನ್ ಬಿಟ್ಟ ಮೇಲೂ ರಿಲೇಯನ್ನು ಹಿಡಿದಿಡಲು. ನಾಲ್ಕನೆಯದರ ಎನ್‌ಸಿ (ರಿಲೇ ಬಿಟ್ಟಾಗ ಕೂಡಿರುವ) ಕಾಂಟ್ಯಾಕ್ಟ್‌ನಿಂದ ಎರಡು ನಿಮಿಷದ ಆನ್-ಡಿಲೇ ಟೈಮರ್. ಟೈಮರ್ ಕಾಂಟ್ಯಾಕ್ಟ್ ಮತ್ತು ಹಸಿರು ಬಟನ್ ಸರಣಿಯಲ್ಲಿ, ಹೋಲ್ಡಿಂಗ್ ಆ ಜೋಡಿಗೆ ಸಮಾಂತರ, ಕೆಂಪು ಬಟನ್ ಕಾಯಿಲಿಗೆ ಸರಣಿ. ಟೈಮರನ್ನು ನೇರ ಮೇನ್ಸಿಗೆ ಕೊಟ್ಟರೆ ಕೆಂಪು ಒತ್ತಿ ತಕ್ಷಣ ಹಸಿರು ಒತ್ತಿದಾಗ ಕಾಯುವುದೇ ಇಲ್ಲ. ಎನ್‌ಸಿಯಿಂದ ಕೊಟ್ಟರೆ ರಿಲೇ ಬಿಟ್ಟಾಗಲೆಲ್ಲ ಎಣಿಕೆ ಸೊನ್ನೆಯಿಂದ ಶುರು.

ಮುಂದಿನದು ಚಿತ್ರದುರ್ಗ ಆಕಾಶವಾಣಿಯ ಎಫ್‌ಎಂ ಹಿಡಿಯುವ ವಾಲ್ವ್ ಟ್ಯೂನರ್: ಇಸಿಸಿ85 ಮುಂದೆ, ಇಎಫ್89 ಎರಡು, ಇಎಬಿಸಿ80 ಡಿಟೆಕ್ಟರ್. 10.7 ಮೆಗಾಹರ್ಟ್ಸ್ ಐಎಫ್ (ಮಧ್ಯಂತರ ಆವರ್ತನ) ಕಾಯಿಲ್‌ಗಳನ್ನು ಕೈಯಲ್ಲೇ ಸುತ್ತಬೇಕು. ಅದಕ್ಕೆ ಮೊದಲು ಈ ಆಂಪಿನಲ್ಲಿ ಒಂದು ಕೆಲಸ ಬಾಕಿ: ಅರ್ತ್ ತಂತಿ ಇನ್ನೂ ಟ್ರಾನ್ಸ್‌ಫಾರ್ಮರ್ ಬೋಲ್ಟಿನಲ್ಲಿದೆ. ಬಣ್ಣ ಕೆರೆದು, ಹಲ್ಲಿನ ವಾಷರ್ ಹಾಕಿ, ಅದಕ್ಕೇ ಮೀಸಲಾದ ಬೋಲ್ಟಿಗೆ ಕಟ್ಟಬೇಕು.